ಬೀಗರಿಗೆ ಅರ್ಧ ಕಾಫಿ

ಆ ಬೆಳಿಗ್ಗೆ ದರ್ಶಿನಿಯ ದುಂಡು ಮೇಜಿನ ಸುತ್ತ ನಾವು ನಾಲ್ವರು ನಿಂತಿದ್ದೆವು. ದೊಡ್ಡಪ್ಪ, ಅವರ ಗೆಳೆಯರಾದ ಯಡಿಯೂರು ಮಾಮ, ಮಾಮನ ಹೊಸ ಬೀಗರು ಮತ್ತು ನಾನು. ಬೀಗರು ಬಾಗಲಕೋಟೆ ಕಡೆಯವರು. ಅವರ ಮಗ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದುಕೊಂಡು ಆಫೀಸಿಗೆ ಹೋಗುತ್ತಿದ್ದ. ಅದೇ ಆಫೀಸಿನಲ್ಲಿದ್ದ ಮಾಮನ ಮಗಳೂ ಅವನೂ ಒಬ್ಬರನ್ನೊಬ್ಬರು ಮೆಚ್ಚಿ, ಎರಡೂ ಮನೆಯವರು ಸ್ವಲ್ಪ ಅಳೆದು ಸುರಿದು ಹೂಂ ಅಂದು, ಇನ್ನೂ ತಿಂಗಳು ತುಂಬಿರಲಿಲ್ಲ. ಮಾಮ ಅಂಜನಾಪುರದಲ್ಲಿ ಕಟ್ಟಿಸುತ್ತಿದ್ದ ಮನೆಯನ್ನು ನೋಡಿ ಹೋಗೋಣವೆಂದು ಬೀಗರು ಬಂದಿದ್ದರು. ಬಿಳಿ ಟೋಪಿ, ಇಸ್ತ್ರಿಯ ಧೋತರ, ಹೆಗಲ ಮೇಲೆ ಶಾಲು. ಅವರು ನಿಂತ ಕಡೆ ಮೇಜು ಕೊಂಚ ಚಿಕ್ಕದಾಗಿ ಕಾಣುತ್ತಿತ್ತು.

ಅವರೆಕಾಯಿ ಕಾಲ. ಚಳಿ ಇನ್ನೂ ಬಿಟ್ಟಿರಲಿಲ್ಲ. ಯಡಿಯೂರು ಕೆರೆಗೂ ಜಯನಗರದ ನಮ್ಮ ಮನೆಗೂ ನಡುವೆ ಇದ್ದ ಆ ದರ್ಶಿನಿಯಲ್ಲಿ ಕುರ್ಚಿ ಎಂಬುದೇ ಇರಲಿಲ್ಲ. ಹೊಂಗೆ ಮರದ ಸುತ್ತ ಒಂದು ಕಲ್ಲಿನ ಕಟ್ಟೆ, ಅದರ ಆಚೆ ಎದೆಯೆತ್ತರದ ಮೇಜುಗಳು, ಒಳಗೆ ಇಡ್ಲಿ ಪಾತ್ರೆಯ ಹಬೆ. ಖಾರಾಬಾತಿನ ಮೇಲೆ ಗೋಡಂಬಿ ಸಿಕ್ಕರೆ ಅದೃಷ್ಟ. ಚಟ್ನಿಯನ್ನು ಎಷ್ಟು ಸಲ ಕೇಳಿದರೂ ಮುಖ ಗಂಟಿಕ್ಕದೆ ಸುರಿಯುತ್ತಿದ್ದರು. ಇಡೀ ಜಯನಗರದಲ್ಲಿ ನನಗೆ ಇಷ್ಟವಾದ ಜಾಗ ಯಾವುದೆಂದು ಈಗ ಕೇಳಿದರೂ ಮೊದಲು ನೆನಪಾಗುವುದು ಆ ಕಟ್ಟೆಯೇ.

ದೊಡ್ಡಪ್ಪ ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು. ಯಡಿಯೂರು ಮಾಮನ ಮನೆತನದವರು ಊರು ಊರಾಗಿದ್ದಾಗ ಅಲ್ಲೇ ರಾಗಿ ಬೆಳೆದವರು; ಹೊಲವೆಲ್ಲ ರಸ್ತೆ, ಸೈಟುಗಳಾದ ಮೇಲೆ ಉಳಿದ ಜಾಗದಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ದೊಡ್ಡಪ್ಪನ ತಮ್ಮನ ಮಗಳಾದ ನಾನು ಓದಿಗೆಂದು ಅವರ ಮನೆಗೆ ಬಂದಾಗಿನಿಂದಲೂ, ಕೆಲಸ ಸಿಕ್ಕಿ ಅಲ್ಲೇ ಉಳಿದ ಮೇಲೂ, ಇವರಿಬ್ಬರ ಬೆಳಗು ಒಂದೇ ಥರ. ಕೆರೆ ಸುತ್ತ ನಡೆದು ಬಂದು ಒಂದು ಕಾಫಿ ತೆಗೆದುಕೊಳ್ಳುವುದು, ಅದನ್ನು ಎರಡು ಲೋಟಕ್ಕೆ ಮಾಡಿಸಿಕೊಳ್ಳುವುದು, ಆ ಮೂರು ಗುಟುಕನ್ನು ಮುಕ್ಕಾಲು ಗಂಟೆ ಕುಡಿಯುವುದು. ಯಾರೂ ಪೂರ್ತಿ ಕಾಫಿ ಕುಡಿಯುತ್ತಿರಲಿಲ್ಲ. ಇಡೀ ಲೋಟ ಕುಡಿಯುವವನು ಒಂಟಿ ಮನುಷ್ಯ, ಇಲ್ಲವೇ ಆಫೀಸಿಗೆ ತಡವಾದವನು ಎಂದು ದೊಡ್ಡಪ್ಪನ ಎಣಿಕೆ.

ಹಾಗಾಗಿ ಆ ದಿನವೂ ದೊಡ್ಡಪ್ಪ ಎಂದಿನ ಗತ್ತಿನಲ್ಲಿ ಗಲ್ಲಾದ ಕಡೆ ಕೈ ಎತ್ತಿ, "ಟೂ ಬೈ ಫೋರ್ ಹೇಳಿ ಸ್ವಾಮಿ, ಸ್ಟ್ರಾಂಗ್ ಇರ್ಲಿ," ಅಂದರು. ಎರಡು ಕಾಫಿ, ನಾಲ್ಕು ಲೋಟ.

ಲೋಟಗಳು ಬಂದವು. ಬೀಗರು ತಮ್ಮದನ್ನು ಎತ್ತಿಕೊಂಡು ಒಳಗೆ ಇಣುಕಿದರು. ಮೇಜಿನ ಮೇಲಿಟ್ಟರು. ನಾವು ಕುಡಿಯುತ್ತಿದ್ದೇವೆ, ಅವರು ಕಾಯುತ್ತಿದ್ದಾರೆ. ಕೊನೆಗೆ ಬಹಳ ವಿನಯದಿಂದ ಮಾಮನ ಕಡೆ ಬಾಗಿ, "ಬೀಗ್ರ, ಉಳದಿದ್ದು ಯಾವಾಗ ಬರತೈತ್ರಿ?" ಎಂದು ಕೇಳಿದರು.

ಗಲ್ಲಾದಲ್ಲಿದ್ದ ಕುಂದಾಪುರದವರು ಕಿಸಕ್ಕನೆ ನಕ್ಕರು. ಪಕ್ಕದ ಮೇಜಿನವರೂ ನಕ್ಕರು. ದೊಡ್ಡಪ್ಪನೂ, ಇದೊಂದು ಒಳ್ಳೆಯ ತಮಾಷೆ ಎಂದುಕೊಂಡು, "ಅಷ್ಟೇ ಸ್ವಾಮಿ, ಬೆಂಗಳೂರಲ್ಲಿ ಇಷ್ಟೇ!" ಎಂದು ನಕ್ಕುಬಿಟ್ಟರು. ನಗದೆ ಇದ್ದವರು ಬೀಗರು ಮತ್ತು ಯಡಿಯೂರು ಮಾಮ. ಮಾಮನ ಕಿವಿ ಕೆಂಪಾಗಿತ್ತು.

ಬೀಗರನ್ನು ಆಟೋದಲ್ಲಿ ಮಗನ ರೂಮಿಗೆ ಕಳಿಸಿದ ಮೇಲೆ ಮಾಮ ತಿರುಗಿ ಬಂದರು.

"ಅಲ್ಲ ಮೇಷ್ಟ್ರೇ, ಹೆಣ್ಣು ಕೊಡೋ ಮನೆಯೋನು ನಾನು. ನಿಮ್ಮ ಜಿಪುಣತನಾನ ನಮ್ಮ ಬೀಗರ ಮುಂದೇನೇ ತೋರಿಸ್ಬೇಕಿತ್ತಾ?"

"ಜಿಪುಣತನಾನಾ? ದಿನಾ ಕುಡಿಯೋದೇ ಅದಲ್ವೇನ್ರೀ ಯಜಮಾನ್ರೇ?"

"ದಿನಾ ಕುಡಿಯೋರು ನಾವು. ಅವ್ರು ಬೀಗ್ರು! ಒಂದ್ ಲೋಟ ಕಾಫಿಗೂ ಗತಿ ಇಲ್ದೋರು ಅಂದ್ಕೊಂಡ್ ಹೋದ್ರು ಅವ್ರು."

ದೊಡ್ಡಪ್ಪನಿಗೆ ಮಾತು ಚುಚ್ಚಿತು. "ಹಾಗಾದ್ರೆ ನಾಳೆಯಿಂದ ನೀವು ಫುಲ್ಲೇ ಕುಡೀರಿ. ನನ್ನ ಜೊತೆ ಯಾಕೆ ಅರ್ಧಕ್ಕೆ ನಿಲ್ತೀರಿ," ಅಂದವರೇ ಚಪ್ಪಲಿ ಸದ್ದು ಮಾಡುತ್ತ ಹೊರಟರು. ನಾನು ಸ್ಕೂಟರ್ ತಳ್ಳಿಕೊಂಡು ಹಿಂದೆ ಓಡಿದೆ.

ಮರುದಿನ ದೊಡ್ಡಪ್ಪ ವಾಕಿಂಗಿಗೆ ಹೋಗಲಿಲ್ಲ. ಅದರ ಮರುದಿನ ಹೋದರು, ಆದರೆ ಕೆರೆ ಬಿಟ್ಟು ಪಾರ್ಕಿಗೆ. ದೊಡ್ಡಮ್ಮ, "ಮನೇಲಿ ಕಾಫಿ ಇಲ್ವಾ? ಇಲ್ಲೇ ಕುಡ್ಕೊಂಡು ತೆಪ್ಪಗೆ ಇರಬಾರ್ದಾ?" ಅಂದರೆ, "ಮನೇದು ಮನೇದು, ಹೋಟೆಲಿಂದು ಹೋಟೆಲಿಂದು. ಎರಡೂ ಬೇರೆ ಬೇರೆ ಕಾಫಿ," ಅನ್ನುತ್ತಿದ್ದರು. ಇದು ಅಷ್ಟಕ್ಕೇ ಮುಗಿಯುವ ಜಗಳವಾಗಿದ್ದರೆ ದೊಡ್ಡಮ್ಮನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮಾಘದಲ್ಲಿ ಮಾಮನ ಗೃಹಪ್ರವೇಶ. ಯಡಿಯೂರಿನ ಹಳೇ ಮನೆ ಪಾಲಿನಲ್ಲಿ ತಮ್ಮನಿಗೆ ಹೋಗಿತ್ತು. ಹಾಲುಕ್ಕಿಸಿದ ಮೇಲೆ ಮಾಮ ಅಂಜನಾಪುರದಲ್ಲೇ ಇರುವುದು. ಆಗಿನ ಅಂಜನಾಪುರ ಅಂದರೆ ಸೈಟಿನ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ, ಎಷ್ಟೊತ್ತಿಗೋ ಬರುವ ಬಸ್ಸು. ಕನಕಪುರ ರಸ್ತೆ ದಾಟಿ ಅಲ್ಲಿಗೆ ಹೋದವರು ಬೆಳಗಿನ ಕಾಫಿಗೆ ಇತ್ತ ಬರುವ ಮಾತೇ ಇಲ್ಲ. ಅಷ್ಟರೊಳಗೆ ಮಾತು ಕೂಡದಿದ್ದರೆ ಇನ್ನು ಕೂಡುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ಅವರು ಮಾಡಿದ್ದೇನೆಂದರೆ, ಹೊಸ ಹೋಟೆಲು ಹುಡುಕಲು ಹೊರಟದ್ದು. "ಬೆಂಗಳೂರಲ್ಲಿ ಅದೊಂದೇನಾ ಹೋಟ್ಲು ಇರೋದು? ತೆಗಿ ಗಾಡಿ." ನನ್ನ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿಕೊಂಡು, ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ನನ್ನ ಭುಜ. ದಕ್ಷಿಣ ಬೆಂಗಳೂರನ್ನು ನಾನು ಸರಿಯಾಗಿ ತಿಂದು ನೋಡಿದ್ದು ಆ ಚಳಿಗಾಲದಲ್ಲೇ.

ಮೊದಲು ಹೋದದ್ದು ಬನಶಂಕರಿ ಎರಡನೇ ಹಂತದ ಒಂದು ಹಳೆಯ ಹೋಟೆಲಿಗೆ. ಕುಳಿತು ತಿನ್ನುವ ಜಾಗ, ಅಮೃತಶಿಲೆಯ ಮೇಜು, ಗೋಡೆಯ ಉದ್ದಕ್ಕೂ ದೇವರ ಪಟಗಳು. ಖಾಲಿ ದೋಸೆ ಹತ್ತಿಯಂತೆ. ದೊಡ್ಡಪ್ಪ ದೋಸೆಗೆ ತಲೆಯಾಡಿಸಿದರು, ಸಾಗುವಿಗೂ ತಲೆಯಾಡಿಸಿದರು. ಕಾಫಿ ಪಿಂಗಾಣಿ ಕಪ್ಪಿನಲ್ಲಿ ಬಂತು. "ತುಟಿಗೆ ಬಿಸಿ ಹತ್ತೋದೇ ಇಲ್ಲ. ಜ್ವರ ಬಂದವರಿಗೆ ಕೊಡೋ ಥರ," ಎಂದು ತೀರ್ಮಾನ ಕೊಟ್ಟರು. ಹಿಂದಿರುಗುವಾಗ ಅಲ್ಲೇ ತಿರುವಿನಲ್ಲಿದ್ದ ಬೇಕರಿಯಲ್ಲಿ ನನಗೆ ಖಾರದ ಬನ್ನು, ದೊಡ್ಡಮ್ಮನಿಗೆ ಬೆಣ್ಣೆ ಬಿಸ್ಕತ್ತು. ಆ ಬೇಕರಿಯ ಕೊಬ್ಬರಿ ತುಂಬಿದ ದಿಲ್ ಪಸಂದನ್ನು ಸಂಜೆ ಐದಕ್ಕೆ ಒಲೆಯಿಂದ ತೆಗೆಯುತ್ತಿದ್ದರು. ಮಾಮನಿಗೆ ಅದೆಂದರೆ ಪ್ರಾಣ. ದೊಡ್ಡಪ್ಪ ಅದರ ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಂತು, ಏನೂ ಕೊಳ್ಳದೆ ಬಂದು ಗಾಡಿ ಹತ್ತಿದರು.

ಜೆ.ಪಿ. ನಗರದಲ್ಲಿ ಹೊಸದಾಗಿ ಒಂದು ದರ್ಶಿನಿ ಶುರುವಾಗಿತ್ತು. ಹೊಳೆಯುವ ಸ್ಟೀಲು, ಯಂತ್ರದಿಂದ ಬರುವ ಚೀಟಿ. ಗಲ್ಲಾದ ನೆತ್ತಿಯ ಮೇಲೆ ಕೆಂಪು ಅಕ್ಷರದ ಬೋರ್ಡು: "ಬೈ ಟೂ ಕೊಡಲಾಗುವುದಿಲ್ಲ. ದಯವಿಟ್ಟು ಸಹಕರಿಸಿ." ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು.

"ಇದೇನಯ್ಯಾ ಇದು, ಸ್ನೇಹಿತರು ಬಂದ್ರೆ ಏನು ಮಾಡ್ಬೇಕು?"

"ಇಬ್ರಿಗೂ ಎರಡು ತಗೊಳ್ಳಿ ಸಾರ್," ಅಂದ ಗಲ್ಲಾದವನು.

"ಎರಡು ತಗೊಂಡ್ರೆ ಅದು ಎರಡು ಕಾಫಿ ಆಗತ್ತೆ. ಬಾ ಕಣೇ."

ಹೀಗೆ ಒಂದೊಂದು ಕಡೆ ಒಂದೊಂದು ಐಬು. ಕಾಫಿ ಚೆನ್ನಾಗಿದ್ದರೆ ಜಾಗ ಸರಿಯಿಲ್ಲ, ಜಾಗ ಸರಿಯಿದ್ದರೆ ಚಟ್ನಿಗೆ ಹುರಿಗಡಲೆ ಜಾಸ್ತಿ. ಹೊಸಕೆರೆಹಳ್ಳಿಯ ಕೆರೆಯ ಹತ್ತಿರದ ಅಂಗಡಿಯಲ್ಲಿ ಎಲ್ಲ ಸರಿಯಿತ್ತು, ಅಲ್ಲಿ ಸಿಕ್ಕಿದ್ದು ಟೀ. ನಿಜವಾದ ಐಬು ನಾನು. ದೊಡ್ಡಪ್ಪ ಎಲ್ಲಿ ಹೋದರೂ ಬೈ ಟೂ ಹೇಳುತ್ತಿದ್ದರು, ಇನ್ನರ್ಧ ನನ್ನ ಪಾಲು. ನಾನು ಗಟಗಟನೆ ಮುಗಿಸಿ ಗಡಿಯಾರ ನೋಡುತ್ತಿದ್ದೆ. ಒಂದು ದಿನ ಅವರಿಗೆ ತಡೆಯಲಾಗಲಿಲ್ಲ. "ನಿನಗೆ ಕಾಫಿ ಕುಡಿಯೋಕೇ ಬರಲ್ಲ ಕಣೇ. ಔಷಧಿ ನುಂಗ್ದಂಗೆ ನುಂಗ್ತೀಯ. ಯಜಮಾನ್ರಾಗಿದ್ರೆ ಇಷ್ಟು ಹೊತ್ತಿಗೆ ಅವರ ತಾತನ ಎತ್ತಿನ ಕಥೆ ಅರ್ಧ ಹೇಳಿರೋರು."

ಆ ಕಡೆ ಮಾಮನ ಕಥೆಯೂ ಬೇರೆಯಾಗಿರಲಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ನಾನು ಹಳೇ ದರ್ಶಿನಿಯಲ್ಲಿ ಇಡ್ಲಿ ಕಟ್ಟಿಸಿಕೊಳ್ಳಲು ನಿಂತಾಗ ಕುಂದಾಪುರದವರು ಕೇಳಿದರು: "ಏನು ಮೇಡಂ, ಇಬ್ರೂ ನಾಪತ್ತೆ? ಯಜಮಾನ್ರು ಒಂದ್ ದಿವಸ ಬಂದಿದ್ರು. ಫುಲ್ ಕಾಫಿ ತಗೊಂಡ್ರು. ಅರ್ಧ ಕುಡ್ದು, ಇನ್ನರ್ಧ ನೋಡ್ತಾ ನಿಂತಿದ್ರು. ಆಮೇಲೆ ಬರ್ಲೇ ಇಲ್ಲ."

ನಾನು ಇದನ್ನು ಮನೆಯಲ್ಲಿ ಹೇಳಿದೆ. ದೊಡ್ಡಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ, ಹಾಳೆಯನ್ನೂ ತಿರುಗಿಸಲಿಲ್ಲ.

ಪ್ರತಿವರ್ಷ ಅವರಿಬ್ಬರೂ ಕೂಡಿ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆ ಕಾಂಪ್ಲೆಕ್ಸಿನ ಹೊರಗೆ ಅವರೆಕಾಯಿ ಕೊಳ್ಳುತ್ತಿದ್ದರು. ಗೋಣಿಯ ಮೇಲೆ ಗುಡ್ಡೆ ಹಾಕಿರುವ ಕಾಯನ್ನು ಮಾಮ ಹಿಡಿಯಲ್ಲಿ ಎತ್ತಿ ಮೂಗಿಗೆ ಹಿಡಿದು, ಸೊಗಡು ಇದ್ದರೆ ಮಾತ್ರ ದೊಡ್ಡಪ್ಪನ ಚೀಲಕ್ಕೆ ಬಿಡುತ್ತಿದ್ದರು. ಆ ವರ್ಷ ದೊಡ್ಡಪ್ಪ ನನ್ನನ್ನು ಕರೆದುಕೊಂಡು ಹೋದರು. ಹೂವಿನವರು, ನಿಂಬೆಹಣ್ಣಿನವರು, ಪಿನ್ನು ರಿಬ್ಬನ್ನಿನವರು, ಸೀರೆಗೆ ಫಾಲ್ಸ್ ಹಾಕಿಕೊಡುವವರು, ಎಲ್ಲರನ್ನೂ ದಾಟಿ ಅವರೆಯ ಗುಡ್ಡೆಯ ಮುಂದೆ ನಿಂತರು. ಕಾಯಿಯನ್ನು ಮೂಸಿದರು. ನನಗೂ ಮೂಸಲು ಕೊಟ್ಟರು. ಇಬ್ಬರಿಗೂ ಏನೂ ತಿಳಿಯಲಿಲ್ಲ. ಕೊಂಡು ತಂದೆವು. ಸುಲಿದು ನೋಡಿದರೆ ಅರ್ಧಕ್ಕರ್ಧ ಎಳೆಗಾಯಿ. ದೊಡ್ಡಮ್ಮ ಬರಿಯ ಸಿಪ್ಪೆಯ ರಾಶಿಯನ್ನು ಅವರ ಮುಂದೆ ತಳ್ಳಿ, "ಹೋಗಿ, ಇದನ್ನೂ ಬೈ ಟೂ ಮಾಡ್ಕೊಂಡ್ ಬನ್ನಿ," ಅಂದರು.

ಗೃಹಪ್ರವೇಶಕ್ಕೆ ಐದು ದಿನ ಇರುವಾಗ ಮಾಮನ ಹೆಂಡತಿ ಬಂದು ದೊಡ್ಡಮ್ಮನಿಗೆ ಕುಂಕುಮ ಇಟ್ಟು ಕರೆದರು. "ಎಲ್ರೂ ಬನ್ನಿ ಅಕ್ಕ, ಮೇಷ್ಟ್ರನ್ನ ಕರ್ಕೊಂಡೇ ಬನ್ನಿ." ಮಾಮ ಬಂದಿರಲಿಲ್ಲ. ಆಕೆ ಹೋದ ಮೇಲೆ ದೊಡ್ಡಪ್ಪ ರೂಮಿನಿಂದ ಹೊರಗೆ ಬಂದು ಅಂದದ್ದು ಒಂದೇ ಮಾತು: "ಅವರು ಬಂದು ಕರೀಲಿಲ್ಲ. ನಾನು ಹೇಗೆ ಹೋಗ್ಲಿ?"

ಮರುದಿನ ಭಾನುವಾರ. ದೊಡ್ಡಮ್ಮನ ಮುಖ ನೋಡಲಾಗದೆ ದೊಡ್ಡಪ್ಪ, "ಎಲ್ಲಾದ್ರೂ ಊಟಕ್ಕೆ ಹೋಗೋಣ ನಡಿ," ಅಂದರು. ಗೊತ್ತಿದ್ದ ಹೋಟೆಲುಗಳೆಲ್ಲ ಮುಗಿದಿದ್ದವು. ಬಿಟಿಎಂನಲ್ಲಿ ಒಂದು ಖಾನಾವಳಿ ಇದೆ, ಜೋಳದ ರೊಟ್ಟಿ ಚೆನ್ನಾಗಿರುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಮನೆಯೊಂದರ ಮೊದಲ ಮಹಡಿಯಲ್ಲಿ ಗಂಡ ಹೆಂಡತಿ ನಡೆಸುತ್ತಿದ್ದ ಜಾಗ. ಮೆಟ್ಟಿಲಲ್ಲೇ ರೊಟ್ಟಿ ಬಡಿಯುವ ಸದ್ದು. ರೂಮು ಮಾಡಿಕೊಂಡಿದ್ದ ಉತ್ತರ ಕರ್ನಾಟಕದ ಹುಡುಗರು ಸಾಲಾಗಿ ಕುಳಿತು ತಲೆ ಎತ್ತದೆ ಉಣ್ಣುತ್ತಿದ್ದರು. ನಮಗೂ ತಟ್ಟೆ ಬಂತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಈರುಳ್ಳಿ. ದೊಡ್ಡಪ್ಪ ಅಂದು ಐಬು ಹುಡುಕಲಿಲ್ಲ. ಎರಡು ರೊಟ್ಟಿ ಉಂಡರು. ಮೂರನೆಯದನ್ನು ಹಿಡಿದು ಬಡಿಸುವ ಅಕ್ಕ ಬಂದರು.

"ಸಾಕು ತಾಯಿ. ಬೇಕಾದ್ರೆ ಅರ್ಧ ಹಾಕಿ. ಇನ್ನರ್ಧ ಈ ಹುಡುಗಿಗೆ."

ಆಕೆ ರೊಟ್ಟಿ ಹಿಡಿದುಕೊಂಡೇ ನಕ್ಕರು. "ಅರ್ಧಾ ಹಾಕಾಕ ಬರಂಗಿಲ್ರಿ ಅಜ್ಜಾರ. ಉಣ್ಣಾಕ ಕುಂತವ್ರಿಗೆ ರೊಟ್ಟಿ ಮುರದ ಹಾಕಿದ್ರ, ಇನ್ನ ಏಳ್ರಿ ಅಂದಂಗ ಆಕ್ಕೈತಿ. ಪೂರಾ ಹಾಕ್ತೀನಿ. ಉಂಡಷ್ಟ ಉಣ್ರಿ, ಬಿಟ್ರ ಬಿಡ್ರಿ." ಇಡೀ ರೊಟ್ಟಿ ತಟ್ಟೆಗೆ ಬಿತ್ತು.

ದೊಡ್ಡಪ್ಪ ಆ ರೊಟ್ಟಿಯನ್ನು ಸುಮ್ಮನೆ ನೋಡುತ್ತ ಕುಳಿತರು. ಆಮೇಲೆ ಪೂರ್ತಿ ತಿಂದರು. ಕೈ ತೊಳೆದು ಹೊರಟೆವು. ಗಾಡಿ ತಾವರೆಕೆರೆ ದಾಟಿರಲಿಲ್ಲ, ಭುಜ ತಟ್ಟಿ ನಿಲ್ಲಿಸಲು ಹೇಳಿದರು.

"ಆ ಮನುಷ್ಯ ತಮಾಷೆಗೆ ಕೇಳಿದ್ದಲ್ಲ ಕಣೇ, ಉಳಿದದ್ದು ಯಾವಾಗ ಬರತ್ತೆ ಅಂತ. ನಿಜವಾಗ್ಲೂ ಕಾಯ್ತಾ ಇದ್ರು. ನಾನು ನಕ್ಕೆ."

ಅವರು ಮತ್ತೆ ಭುಜ ತಟ್ಟಿದರು.

"ಯಡಿಯೂರಿಗೆ ನಡಿ."

ನಾವು ಹೋದಾಗ ಮಾಮನ ಮನೆಯಲ್ಲಿ ಸಾಮಾನು ಕಟ್ಟುವ ಗಲಾಟೆ. ಹಾಸಿಗೆಗಳಿಗೆ ಹಗ್ಗ ಬಿಗಿದಿತ್ತು, ಡಬ್ಬಗಳೆಲ್ಲ ಗೋಣಿ ಸೇರಿದ್ದವು. ಮಾಮ ಏಣಿ ಹತ್ತಿ ಅಟ್ಟದಿಂದ ತಾಮ್ರದ ಹಂಡೆಯೊಂದನ್ನು ಇಳಿಸುತ್ತಿದ್ದರು. ಬಾಗಿಲಲ್ಲಿ ನಿಂತ ದೊಡ್ಡಪ್ಪನನ್ನು ಕಂಡರು. ದೊಡ್ಡಪ್ಪ ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದರೋ, ಅದನ್ನು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಂಡೆ ವಾಲಿತು.

"ಮೇಷ್ಟ್ರೇ, ಆ ಕಡೆ ಹಿಡ್ಕೊಳ್ಳಿ, ಬೀಳ್ತದೆ!"

ದೊಡ್ಡಪ್ಪ ಚೀಲ ಬಿಸಾಕಿ ಓಡಿ ಹಿಡಿದರು. ಇಬ್ಬರೂ ಏದುಸಿರು ಬಿಡುತ್ತ ಹಂಡೆಯನ್ನು ನಡುಮನೆಗೆ ಇಳಿಸಿದರು. ಅದರ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತರು.

"ನಿಮ್ಮ ಬೀಗರಿಗೆ ನಾನು ಹಾಗೆ ಮಾಡಬಾರದಿತ್ತು," ಅಂದರು ದೊಡ್ಡಪ್ಪ. "ನನಗೆ ಈಗ ತಿಳೀತು. ಅವರ ಕಡೆ ಅದು ಎದ್ದು ಹೋಗಿ ಅಂದ ಹಾಗಂತೆ."

ಮಾಮ ಹಂಡೆಯ ಕಂಠದ ಧೂಳನ್ನು ಟವೆಲಿನಿಂದ ಒರೆಸಿದರು. "ಕಾಫಿಗೆ ಅಂತ ಕರ್ಕೊಂಡ್ ಬಂದಿದ್ನಾ ಮೇಷ್ಟ್ರೇ ಅವರನ್ನ? ಕಾಫಿ ನಮ್ಮನೇಲಿ ಇರ್ಲಿಲ್ವಾ? ನಿಮ್ಮನ್ನ ತೋರ್ಸೋಣ ಅಂತ ಕರ್ಕೊಂಡ್ ಬಂದಿದ್ದೆ. ಕೆರೆಯಿಂದ ಹೋಟ್ಲವರೆಗೂ ನಿಮ್ದೇ ಮಾತು. ನಮ್ ಮೇಷ್ಟ್ರು ಹಂಗೆ, ನಮ್ ಮೇಷ್ಟ್ರು ಹಿಂಗೆ, ನಮ್ಮೋರೇ ಅಂದ್ಕೊಳ್ಳಿ ಅಂತ. ನೀವು ನೋಡಿದ್ರೆ ಅವರಿಗೆ ಅರ್ಧ ಹೇಳ್ಬಿಟ್ರಿ."

"ನಮ್ಮೋರು ಅಂತಲೇ ಅರ್ಧ ಹೇಳಿದ್ದು ಯಜಮಾನ್ರೇ. ಬೇರೆಯವರಾಗಿದ್ರೆ ಫುಲ್ ಕೊಡಿಸಿ ಕಳಿಸ್ತಿರ್ಲಿಲ್ವಾ?"

ಮಾಮ ಟವೆಲು ಹೆಗಲಿಗೆ ಹಾಕಿಕೊಂಡರು. ಅಡುಗೆಮನೆಯಿಂದ ಹೊರಬಂದ ಮಾಮನ ಹೆಂಡತಿ ಇಬ್ಬರನ್ನೂ, ನಡುವಿನ ಹಂಡೆಯನ್ನೂ ನೋಡಿ, "ಮಾತಾಡೋದಾದ್ರೆ ಆ ಹಂಡೇನ ದಾರಿ ಬಿಟ್ಟು ಇಟ್ಟು ಮಾತಾಡಿ. ಗ್ಯಾಸ್ ಕಿತ್ತಿಟ್ಟಾಯ್ತು, ಕಾಫಿ ಗೀಫಿ ಕೇಳ್ಬೇಡಿ," ಅಂದರು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಹಂಡೆಯ ಒಂದು ಬಳೆಗೆ ಕೈ ಹಾಕಿದರು. ಕತ್ತಲಾಗುವವರೆಗೂ ಇಬ್ಬರೂ ಅಟ್ಟದ ಸಾಮಾನು ಇಳಿಸಿದರು. ಹೊರಡುವಾಗ ಮಾಮ ಗೇಟಿನ ತನಕ ಬಂದು, ಟವೆಲು ಕೊಡವಿ, "ಗುರುವಾರ ಬೆಳಿಗ್ಗೆ ಮುಹೂರ್ತ ಮೇಷ್ಟ್ರೇ. ನೀವು ಹಿಂದಿನ ದಿನವೇ ಬಂದ್ಬಿಡಿ," ಎಂದು ಕರೆದರು.

ಗೃಹಪ್ರವೇಶಕ್ಕೆ ಬೀಗರೂ ಬಂದಿದ್ದರು. ಹಾಲುಕ್ಕಿತು, ಹೋಮದ ಹೊಗೆ ಕಿಟಕಿಯಿಂದ ಬಯಲಿಗೆ ಹೋಯಿತು. ದೊಡ್ಡಪ್ಪ ಶಾಮಿಯಾನದ ಕೆಳಗೆ ಬೀಗರ ಪಕ್ಕದ ಕುರ್ಚಿ ಹಿಡಿದು, ಆ ದಿನದ ಮಾತು ತೆಗೆದು ತಪ್ಪಾಯಿತು ಅಂದರು. ಬೀಗರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಗಹಗಹಿಸಿದರು.

"ಅಯ್ಯ, ಅದನ್ನ ಇನ್ನಾ ನೆನಪ ಇಟ್ಟೀರೇನ್ರಿ ಮಾಸ್ತರ? ಆವತ್ತ ಒಂದೀಟ ಬ್ಯಾಸರ ಆಗಿತ್ತ ಖರೇ. ಊರಿಗೆ ಹೋಗಿ ಹೇಳಿದ್ರ ಎಲ್ಲಾರೂ ಹೊಟ್ಟಿ ಹಿಡಕೊಂಡ ನಕ್ರು. ಬೆಂಗಳೂರಾಗ ಕಾಫಿ ಸೈತ ಕಂತಿನ್ಯಾಗ ಕೊಡ್ತಾರ್ರಿ ಅಂತ ಹೇಳೇನಿ!"

ಊರಿಗೆ ಹೊರಡುವ ಮುನ್ನ ಅವರನ್ನು ದೊಡ್ಡಪ್ಪ, ಮಾಮ ಇಬ್ಬರೂ ಸೇರಿ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಬಂದರು. ಕಾಫಿಪುಡಿಯ ಅಂಗಡಿಯಲ್ಲಿ ಬೀಜ ಹುರಿಯುವ ಘಮ ರಸ್ತೆಯ ಆಚೆಯವರೆಗೂ ಬರುತ್ತಿತ್ತು. ಬೀಗರು ಆ ಘಮಕ್ಕೇ ಮನಸೋತು, ತಮ್ಮ ಮನೆಯಲ್ಲಿ ಎಲ್ಲರೂ ಚಹಾ ಕುಡಿಯುವವರಾದರೂ, ಒಂದು ಕಿಲೋ ಪುಡಿ ಬೀಸಿಸಿಕೊಂಡು ಹೋದರು.

ಅವರು ಊರು ಸೇರಿದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಗೆ ಫೋನು ಬಂತು. "ಮಾಸ್ತರ, ಚಹಾದಂಗ ಹಾಲಾಗ ಹಾಕಿ ಕುದಿಸೇವ್ರಿ. ಬಾಯಾಗ ಬರೇ ಉಸುಕ!" ಕಾಫಿಪುಡಿಯನ್ನು ಫಿಲ್ಟರಿಗೆ ಹಾಕಬೇಕೆಂದು ಹೇಳುವುದು ಇಲ್ಲಿ ಯಾರಿಗೂ ಹೊಳೆದಿರಲಿಲ್ಲ. ದೊಡ್ಡಪ್ಪ ಫೋನು ಇಟ್ಟವರೇ ಅಂಜನಾಪುರಕ್ಕೆ ಫೋನು ಮಾಡಿದರು. ಸಂಜೆ ಮಾಮ ಬಸ್ಸಿಳಿದು ಕಾಂಪ್ಲೆಕ್ಸಿನ ಹತ್ತಿರ ಕಾಯುತ್ತಿದ್ದರು. ಪಾತ್ರೆ ಅಂಗಡಿಯಲ್ಲಿ ಇಬ್ಬರಿಗೂ ಸಣ್ಣ ವಾದವೇ ಆಯಿತು. ನಾಲ್ಕು ಲೋಟದ ಫಿಲ್ಟರು ಸಾಕು ಎಂದು ಮಾಮ, ಅಂಗಡಿಯಲ್ಲಿ ಇರುವುದರಲ್ಲೇ ದೊಡ್ಡದು ಬೇಕು ಎಂದು ದೊಡ್ಡಪ್ಪ. ದೊಡ್ಡಪ್ಪನೇ ಗೆದ್ದರು. ವೈಶಾಖದಲ್ಲಿ ಮದುವೆಯಾಗಿ ಗಂಡನ ಊರಿಗೆ ಮೊದಲ ಸಲ ಹೊರಟಾಗ ಮಾಮನ ಮಗಳು ಆ ಫಿಲ್ಟರನ್ನು ಟವೆಲಿನಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು.